ದಾಸುವಿನ ಒಣ ತುಂಡುಗಳು

ಆ ಕಾಲಕ್ಕೆ ಕೋಲಸಿರ್ಸಿಯ ನಮ್ಮ ಕೇರಿಯಲ್ಲಿ ನಾಯಿಗೆಂದೇ ಒಲೆ ಹಚ್ಚುವವರು ಯಾರೂ ಇರಲಿಲ್ಲ. ಮನೆಯವರ ಊಟ ಮುಗಿದ ಮೇಲೆ ಉಳಿದದ್ದು ನಾಯಿಯ ಪಾಲು. ಪಕ್ಕದ ಮನೆಯ ನಾಯಿ ದಾಸುವಿಗೆ ವರ್ಷವಿಡೀ ಮಜ್ಜಿಗೆ ಅನ್ನ. ಆ ಮನೆಯವರು ಮಾಂಸ ಮುಟ್ಟದ ಹವ್ಯಕರು, ನಾವು ಭಾನುವಾರ ಕೋಳಿ ಕೊಯ್ಯುವವರು. ಎರಡು ಅಂಗಳಗಳ ನಡುವೆ, ಬಿದಿರಿನ ಗಳ ಸರಿಸಿ ದಾಟುವ ಒಂದು ದಣಪೆ ಇತ್ತು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಗದ್ದೆ ಕೊಯ್ಲು ಮುಗಿಯುವ ಹೊತ್ತಿಗೆ ದಾಸುವಿಗೆ ಉಣ್ಣಿ ಜ್ವರ ಬಂತು. ಒಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಸಿದ್ದಾಪುರದಿಂದ ಬಂದ ದನದ ಡಾಕ್ಟರು ಇಂಜೆಕ್ಷನ್ ಚುಚ್ಚಿ, ರಕ್ತ ಏರಬೇಕು, ಕೋಳಿಯ ಲಿವರು, ಮಾಂಸ ಹಾಕಿ, ಬರೀ ಮಜ್ಜಿಗೆ ಅನ್ನದಲ್ಲಿ ಇದು ಉಳಿಯುವುದಿಲ್ಲ ಎಂದು ಹೇಳಿ ಹೋದರು.

ದಾಸುವನ್ನು ಸಾಕಿದವರು ಗಂಗಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಹೋಗಿ ಅಣ್ಣನ ಮನೆಗೆ ಬಂದು ಉಳಿದವರು. ಆ ಮನೆಯಲ್ಲಿ ಕೊಟ್ಟಿಗೆ ಅಣ್ಣನದು, ಅಡುಗೆಮನೆ ಅತ್ತಿಗೆಯದು. ನಾಯಿಯೊಂದು ಅವರದು.

ಅಂದು ಸಂಜೆ ಅವರು ದಣಪೆಯ ಹತ್ತಿರ ನಿಂತು ಅವ್ವನನ್ನು ಕರೆದರು.

"ಸಾವಿತ್ರಿ, ನಿಂಗೆ ಹೇಳಕ್ಕೆ ಬಾಯಿ ಬರದಿಲ್ಲ."

"ಎಂತಾ ಆಯ್ತು ಗಂಗಕ್ಕಾ, ಹೇಳಿ."

"ನಿಮ್ಮನೇಲಿ ಮಾಡ್ತ್ರಲ, ಅದು ದಾಸುಗೆ ಬೇಕಡ, ಡಾಕ್ಟ್ರು ಹೇಳಿದ್ರು. ಆದ್ರೆ ನಮ್ಮನೆ ಅಂಗಳಕ್ಕೆ ಬರದು ಬೇಡ. ಅಣ್ಣ ಸುಮ್ನಿರದಿಲ್ಲ. ನಿಮ್ಮ ಬದಿಗೇ ಹಾಕು."

"ಅಷ್ಟೇ ಅಲ್ದಾ! ನಾಳೆಯಿಂದ ಅವ ನಮ್ಮನೆ ನೆಂಟ."

ಮಾಂಸ ಒಣಗಿಸುವುದು ಅವ್ವನಿಗೆ ಗೊತ್ತಿತ್ತು. ಉಪ್ಪು, ಅರಿಶಿನ ಹಚ್ಚದೆ ಒಣಗಿಸುವುದು ಗೊತ್ತಿರಲಿಲ್ಲ. ಡಾಕ್ಟರು ಉಪ್ಪು ಖಾರ ಎರಡೂ ಬೇಡ ಎಂದಿದ್ದರು. ಹಾಗಾಗಿ ಮೊದಲು ಸಪ್ಪೆ ನೀರಲ್ಲಿ ಬೇಯಿಸಿ, ಬೆರಳಗಲ ಹೆಚ್ಚಿ, ಬಿದಿರು ಕಡ್ಡಿಗೆ ಪೋಣಿಸಿ ಬಚ್ಚಲೊಲೆಯ ಮೇಲೆ ತೂಗುಹಾಕಿದೆವು. ಮೂರನೇ ದಿನಕ್ಕೆ ತುಂಡುಗಳು ಕಪ್ಪಾಗಿ, ಮುರಿದರೆ ಟಕ್ಕೆನ್ನುವಷ್ಟು ಗಟ್ಟಿಯಾದವು. ನಮ್ಮ ಟವೆಲ್ಲು, ನನ್ನ ಸ್ಕೂಲಿನ ಲಂಗ, ಸ್ನಾನದ ನೀರು ಎಲ್ಲಕ್ಕೂ ಅದೇ ಹೊಗೆಯ ವಾಸನೆ.

"ನಿಮ್ಮಪ್ಪಂಗೂ ಇಷ್ಟು ನಾಜೂಕಾಗಿ ಹೆಚ್ಚಿ ಹಾಕಿಲ್ಲ ನಾನು," ಎಂದಳು ಅವ್ವ.

"ಒಂದು ತುಂಡು ಇತ್ಲಾಗೂ ಬರ್ಲಿ. ಬೇಕಾದ್ರೆ ಬೊಗಳ್ತೆ," ಎಂದ ಜಗಲಿಯಲ್ಲಿದ್ದ ಅಪ್ಪ.

ತಿನ್ನಿಸುವ ಕೆಲಸ ನನ್ನದು. ಗಂಗಕ್ಕ ನಾಯಿಯನ್ನು ಎತ್ತಿ ತಂದು ಗಳದ ಕೆಳಗಿನಿಂದ ನಮ್ಮ ಬದಿಗೆ ಸರಿಸುತ್ತಿದ್ದರು. ಆಮೇಲೆ ಸೆರಗು ಮೂಗಿಗೆ ಹಿಡಿದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

"ತಿಂತನೇ?"

"ಮೂಸಿ ನೋಡ್ತು ಅಷ್ಟೆ."

ಮರುದಿನ ನೆಕ್ಕಿತು. ಅದರ ಮರುದಿನ ಒಂದು ತುಂಡು ತಿಂದಿತು. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ನಾನು ತುಂಡಿಗೊಂದು ಗೀಟು ಹಾಕುತ್ತಿದ್ದೆ. ಸಂಕ್ರಾಂತಿ ದಾಟುವಷ್ಟರಲ್ಲಿ ಚೌಕಗಳಲ್ಲಿ ಜಾಗ ಸಾಲದಾಯಿತು. ದಾಸು ತಾನೇ ನಡೆದು ಬರತೊಡಗಿತು, ಆಮೇಲೆ ಓಡಿ.

ಮೈಲಿಗೆ ಆಚೆ ದಾಟಬಾರದೆಂದು ನಾವೆಲ್ಲ ಎಚ್ಚರವಾಗಿದ್ದೆವು. ಆದರೆ ಹಸಿವು ತೀರುವುದು ದಣಪೆಯ ಈ ಬದಿಯಲ್ಲಿ ಎಂದು ನಾಯಿ ಕಲಿತುಬಿಟ್ಟಿತ್ತು. ಒಂದು ದಿನ ತಿಂದ ಮೇಲೆ ವಾಪಸು ಹೋಗಲಿಲ್ಲ. ನಮ್ಮ ಬಚ್ಚಲೊಲೆಯ ಬೂದಿಯ ಪಕ್ಕದಲ್ಲಿ ಮಲಗಿತು. ಅಪ್ಪ ಎತ್ತಿಕೊಂಡು ಹೋಗಿ ಬಿಟ್ಟು ಬಂದ. ಅಪ್ಪ ಕಾಲು ತೊಳೆಯುವಷ್ಟರಲ್ಲಿ ಅದು ಮತ್ತೆ ಒಲೆಯ ಹತ್ತಿರ ಇತ್ತು. ಅವ್ವ ತುಂಡು ಹಾಕುವುದನ್ನೇ ನಿಲ್ಲಿಸಿ ನೋಡಿದಳು. ಬರಿಹೊಟ್ಟೆಯಲ್ಲಿ ಅಲ್ಲೇ ಕುಳಿತಿತೇ ವಿನಾ ಎದ್ದು ಹೋಗಲಿಲ್ಲ. ಗಂಗಕ್ಕ ಬಟ್ಟಲು ಹಿಡಿದು ದಿನವೂ ಆಚೆಯಿಂದ ಕರೆಯುತ್ತಿದ್ದರು. ನಮ್ಮೊಡನೆ ಆಡದ ತಮ್ಮ ಮನೆಮಾತಿನಲ್ಲಿ, ಮಗುವನ್ನು ಮನೆಗೆ ಕರೆದಂತೆ.

"ಬಾ ತಮಾ, ಮನಿಗೆ ಹೋಪನ."

ದಾಸು ಬಾಲ ಆಡಿಸುತ್ತಿತ್ತು, ಏಳುತ್ತಿರಲಿಲ್ಲ.

ಒಂದು ಮುಸ್ಸಂಜೆ ಗಂಗಕ್ಕ ಗಳ ಸರಿಸಿ ನಮ್ಮ ಅಂಗಳಕ್ಕೇ ಬಂದರು. ನೇರ ಬಚ್ಚಲ ಬಾಗಿಲಿಗೆ ಬಂದು ಕೈ ಚಾಚಿದರು.

"ಒಂದು ಕೊಡು ಸಾವಿತ್ರಿ."

"ನೀವು ಮುಟ್ಟದು ಬೇಡ ಗಂಗಕ್ಕಾ. ಬಾಳೆ ಎಲೆ ತರ್ತೆ ತಡೀರಿ."

"ಎಲೆ ಬೇಡ. ನನ್ನ ಕೈಯಿಂದ ತಿನ್ಲಿ."

ಅವ್ವ ನನ್ನ ಮುಖ ನೋಡಿದಳು, ಆಮೇಲೆ ಕಡ್ಡಿಯಿಂದ ಒಂದು ತುಂಡು ಬಿಡಿಸಿ ಕೊಟ್ಟಳು. ಗಂಗಕ್ಕ ಅದನ್ನು ಅಂಗೈಯಲ್ಲಿಟ್ಟು ದಾಸುವಿನ ಮುಂದೆ ಹಿಡಿದರು. ದಾಸು ಮೆಲ್ಲನೆ ಬಾಯಲ್ಲಿ ತೆಗೆದುಕೊಂಡು ತಿಂದು, ಅಂಗೈಯನ್ನು ನೆಕ್ಕಿತು. ಅವರು ಕರೆಯುತ್ತ ಹಿಂದೆ ಹಿಂದೆ ನಡೆದರು. ಅದೂ ಹಿಂಬಾಲಿಸಿತು. ದಣಪೆಯವರೆಗೆ ಬಂದು ಕುಳಿತಿತು. ಅವರು ಆಚೆ ದಾಟಿ ಖಾಲಿ ಕೈ ಚಾಚಿ ಮತ್ತೆ ಕರೆದರು. ದಾಸು ಆ ಕೈಯನ್ನು ನೋಡಿ, ತಿರುಗಿ, ನಮ್ಮ ಬಚ್ಚಲಿಗೆ ಬಂತು.

"ಇರ್ಲಿ ಬಿಡು, ಬದುಕ್ತಲ," ಎಂದರು ಗಂಗಕ್ಕ. ಬಲಗೈಯನ್ನು ಸೀರೆಗೆ ತಾಗದಂತೆ ದೂರ ಹಿಡಿದು, ಬೆರಳು ಅಗಲಿಸಿಕೊಂಡೇ ಬಾವಿಯ ಕಡೆ ಹೋದರು. ಎಷ್ಟೋ ಹೊತ್ತು ಕೊಡ ಸುರಿಯುವ ಸದ್ದು ಕೇಳುತ್ತಿತ್ತು.

ದಾಸು ಮತ್ತೂ ಕೆಲವು ವರ್ಷ ನಮ್ಮಲ್ಲಿ ಚೆನ್ನಾಗಿಯೇ ಬದುಕಿತು. ಗಂಗಕ್ಕ ಇನ್ನೊಂದು ನಾಯಿ ಸಾಕಲಿಲ್ಲ. ಬಸ್ಸಿನಲ್ಲಿ ಸಿಕ್ಕರೆ ನನ್ನ ಓದಿನ ಬಗ್ಗೆ ಕೇಳುತ್ತಿದ್ದರು, ಜಾಗ ಬಿಡುತ್ತಿದ್ದರು. ನಾಯಿಯ ಸುದ್ದಿ ಮಾತ್ರ ಒಮ್ಮೆಯೂ ಎತ್ತಲಿಲ್ಲ. ಅದು ಸತ್ತಾಗ ಹೇಳಿ ಬಾ ಎಂದು ಅವ್ವ ನನ್ನನ್ನು ಕಳಿಸಿದಳು. ನಾನು ದಣಪೆಯವರೆಗೆ ಹೋಗಿ ಹಿಂದಿರುಗಿದೆ.

ಈಗ ಸಿದ್ದಾಪುರದ ಅಂಗಡಿಯಲ್ಲಿ ನಾಯಿಗೆಂದು ಒಣಗಿಸಿದ ಕೋಳಿ ತುಂಡುಗಳ ಪ್ಯಾಕೆಟ್ಟು ತೂಗುತ್ತಿರುತ್ತದೆ. ಬಚ್ಚಲಿಗೆ ಸೋಲಾರ್ ನೀರು ಬರುತ್ತದೆ. ಹಿಂದೆ ಕರಿಬೇವು, ಹಾಲು, ಮೊದಲ ಕೊಯ್ಲಿನ ಸೌತೆಕಾಯಿ ಎಂದು ದಣಪೆಯ ಆಚೆಗೂ ಈಚೆಗೂ ಏನಾದರೊಂದು ದಾಟುತ್ತಿತ್ತು. ಆ ವರ್ಷದ ನಂತರ ಅದು ಕಡಿಮೆಯಾಗುತ್ತ ಬಂದು, ಯಾವಾಗ ನಿಂತಿತೆಂದೂ ತಿಳಿಯಲಿಲ್ಲ. ಜಗಳವಾಗಿದ್ದರೆ ಯಾರಾದರೂ ಕೂರಿಸಿ ರಾಜಿ ಮಾಡಿಸುತ್ತಿದ್ದರು. ನಾವು ಗಂಗಕ್ಕ ಕೇಳಿದ್ದನ್ನಷ್ಟೇ ಮಾಡಿದ್ದೆವು.