ಹೊಲಿದಿಟ್ಟ ಕೊನೆಯ ಅಧ್ಯಾಯ

ಬಟ್ಟೆ ಹೊಲಿಯುವ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಬೀದಿಯವರೆಲ್ಲ ಕರೆಯುತ್ತಿದ್ದುದು ‘ಕೊನೆಪುಟದಕ್ಕ’ ಎಂದು. ಯಾವುದೇ ಕಾದಂಬರಿ ಕೈಗೆ ಬರಲಿ, ಅಕ್ಕ ಮೊದಲು ಅದರ ಕಟ್ಟಕಡೆಯ ಪುಟ ತೆರೆದು ನಿಂತ ಕಾಲಲ್ಲೇ ಓದಿಬಿಡುತ್ತಿದ್ದಳು. ಮುಗಿಸಿದ ರೀತಿ ಮನಸ್ಸಿಗೆ ಹಿಡಿಸಿದರೆ ಪುಸ್ತಕ ಮನೆಗೆ, ಇಲ್ಲವಾದರೆ ವಾಪಸು ಕಪಾಟಿಗೆ.

“ಬಟ್ಟೆ ತಗೊಳ್ಳುವಾಗ ಒಳಮಗ್ಗುಲು ತಿರುಗಿಸಿ ನೋಡಲ್ವಾ? ಇದೂ ಹಾಗೇನೇ,” ಎನ್ನುತ್ತಿದ್ದಳು ಕೇಳಿದವರಿಗೆ.

ಈ ಚಾಳಿ ಹತ್ತಿದ್ದು ಹುಡುಗಿಯಾಗಿದ್ದಾಗ. ಆಗ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿ ಬರುತ್ತಿತ್ತು. ಅದರ ನಾಯಕಿ ಅಣ್ಣಂದಿರ ಜೊತೆ ಜಗಳವಾಡಿ, ಟ್ರಂಕು ಹಿಡಿದು ರೈಲು ನಿಲ್ದಾಣಕ್ಕೆ ಬಂದು ನಿಂತಳು. ದೂರದಲ್ಲಿ ಶಿಳ್ಳೆ ಕೇಳಿಸಿತು. ಅಷ್ಟಕ್ಕೆ ಆ ವಾರದ ಕಂತು ಮುಗಿಯಿತು. ಮುಂದಿನ ವಾರ ಪತ್ರಿಕೆಯೇ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಂಗಡಿಯವನು “ನಿಂತುಹೋಯ್ತಮ್ಮ ಅದು, ಮುಚ್ಚಿಬಿಟ್ರಂತೆ” ಎಂದ. ಹುಡುಗಿ ಮನೆಗೆ ಬಂದು ಮುಸುಕು ಹಾಕಿಕೊಂಡು ಅತ್ತಳು. ಟ್ರಂಕು ಹಿಡಿದವಳು ರೈಲು ಹತ್ತಿದಳೋ, ಅಣ್ಣಂದಿರು ಓಡಿಬಂದು ಕೈ ಹಿಡಿದರೋ, ಯಾರು ಹೇಳಬೇಕು? ಅಂದಿನಿಂದ ಅಂತ್ಯ ಗೊತ್ತಿಲ್ಲದ ಕಥೆಯನ್ನು ಆಕೆ ಮುಟ್ಟಲಿಲ್ಲ.

ಅವಳ ಅಂಗಡಿ ಒಂದೇ ಕೋಣೆಯದು. ಒಂದು ಪಕ್ಕಕ್ಕೆ ಔಷಧಿ ಅಂಗಡಿ, ಇನ್ನೊಂದು ಪಕ್ಕಕ್ಕೆ ಸೈಕಲ್ ರಿಪೇರಿ. ಒಳಗೆ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಕನ್ನಡಿ, ಬಟ್ಟೆ ಕತ್ತರಿಸುವ ಅಗಲವಾದ ಮೇಜು. ಕಿಟಕಿಯ ಕಟ್ಟೆಯ ಮೇಲೆ ದಾರದ ಉಂಡೆಗಳ ನಡುವೆ ನಾಲ್ಕಾರು ಕಾದಂಬರಿ ಯಾವಾಗಲೂ ಬಿದ್ದಿರುತ್ತಿದ್ದವು. ಅಳತೆ ಕೊಡಲು ಬಂದವರು ಸುಮ್ಮನೆ ಕೂರಲಾರದೆ ಒಂದನ್ನು ಎತ್ತಿಕೊಳ್ಳುತ್ತಿದ್ದರು. ಓದಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಮಾತು ಬೆಳೆಯುತ್ತಿತ್ತು. ಹೀಗೆ ಬೆಳೆದ ಮಾತು ಕೊನೆಗೆ ಭಾನುವಾರದ ಬೆಳಗಿನ ಕೂಟವಾಯಿತು. ಯಂತ್ರಕ್ಕೆ ರಜ, ಕತ್ತರಿಸುವ ಮೇಜಿನ ಸುತ್ತ ಸ್ಟೂಲುಗಳು, ಮೇಜಿನ ಮೇಲೆ ಅವರವರು ಆ ವಾರ ಓದಿ ಮೆಚ್ಚಿದ ಪುಸ್ತಕ.

ಪಕ್ಕದ ಔಷಧಿ ಅಂಗಡಿಯವನಿಗೆ ದೆವ್ವದ ಕಾದಂಬರಿಯೆಂದರೆ ಪ್ರಾಣ. ಓದಿದ ದಿನ ಮಾತ್ರ ಅಂಗಡಿಯ ಹಿಂದಿನ ಉಗ್ರಾಣಕ್ಕೆ ಒಬ್ಬನೇ ಹೋಗುತ್ತಿರಲಿಲ್ಲ. ಗಿರಾಕಿಯನ್ನೇ ಕರೆದು, “ಸ್ವಲ್ಪ ಈ ಬಾಗಿಲ ಹತ್ರ ನಿಂತಿರಿ, ನಿಮ್ಮ ಮಾತ್ರೆ ಒಳಗಿದೆ,” ಎನ್ನುತ್ತಿದ್ದ. ಅಕ್ಕನ ಒಲವೆಲ್ಲ ಪ್ರೇಮದ ಕಾದಂಬರಿಗಳ ಕಡೆಗೆ. ಇನ್ನೊಬ್ಬರು ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ಪತ್ತೇದಾರಿ ಬಿಟ್ಟು ಬೇರೆಯದೆಲ್ಲ ಕಾದಂಬರಿಯೇ ಅಲ್ಲ ಎನ್ನುವ ಪೈಕಿ.

“ಪತ್ತೇದಾರಿ ಅಂದ್ರೆ ಒಂದು ಲೆಕ್ಕ ಇದ್ದ ಹಾಗೆ,” ಎಂದರು ಮೇಷ್ಟ್ರು ಒಂದು ಭಾನುವಾರ. “ಕೊಟ್ಟಿರೋದು ಇಷ್ಟು, ಕಂಡುಹಿಡೀಬೇಕಾದ್ದು ಇಷ್ಟು. ನಿಮ್ಮ ಪ್ರೇಮದ ಕಥೇಲಿ ಏನಿದೆ? ಇಬ್ಬರು ಗಂಟೆಗಟ್ಟಲೆ ಮಳೇಲಿ ನೆನೀತಾರೆ, ಒಬ್ಬರಿಗೂ ನೆಗಡಿ ಆಗಲ್ಲ.”

ಅಕ್ಕ ಬಿಡುವವಳಲ್ಲ. “ನಿಮ್ಮದರಲ್ಲಿ ಏನಿದೆ ಮೇಷ್ಟ್ರೇ? ಮೊದಲ್ನೇ ಪುಟದಲ್ಲೇ ಒಬ್ಬ ಸಾಯ್ತಾನೆ. ಪಾಪ, ಅವನಿಗೋಸ್ಕರ ಒಂದು ಹನಿ ಕಣ್ಣೀರು ಹಾಕೋರಿಲ್ಲ. ಎಲ್ಲಾ ‘ಆಗ ನೀನೆಲ್ಲಿದ್ದೆ, ನಾನೆಲ್ಲಿದ್ದೆ’ ಅಂತ ವಿಚಾರಿಸ್ಕೊಂಡು ಓಡಾಡ್ತಾರೆ.”

ಇಷ್ಟರವರೆಗೆ ಎಲ್ಲ ತಮಾಷೆಯೇ. ಕೆಟ್ಟದ್ದು ಆದದ್ದು ಇನ್ನೊಂದು ದಿನ. ಮೇಷ್ಟ್ರು ಹೊಸ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದರು. ಒಂದು ಕಾಲಿನ ಅಂಚು ಮಡಿಚಿ ಹೊಲಿದಾಗಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ತಾವು ಓದುತ್ತಿದ್ದ ಕಾದಂಬರಿಯ ಕಥೆ ಹೇಳುತ್ತಿದ್ದರು. ಮುಖವೆಲ್ಲ ಅರಳಿಹೋಗಿತ್ತು. ಅರ್ಧ ಓದಿದ್ದೇನೆ, ಮೂರು ಜನರ ಮೇಲೆ ಅನುಮಾನ ಇದೆ, ಯಾರು ಅಂತ ನಾಳೆಯೊಳಗೆ ಹಿಡಿದೇ ಹಿಡಿಯುತ್ತೇನೆ ಎಂದರು.

ಆ ಪುಸ್ತಕ ಹಿಂದಿನ ವಾರ ಅಕ್ಕನ ಕೈಗೂ ಬಂದುಹೋಗಿತ್ತು, ಕೊನೆಯ ಪುಟ ಓದಿಯಾಗಿತ್ತು. ಹಲ್ಲಿನ ನಡುವೆ ದಾರ ಕಚ್ಚಿಕೊಂಡೇ ಅವಳೆಂದಳು: “ಅಯ್ಯೋ, ಆ ತೋಟದವನೇ ಅಲ್ವಾ ಮೇಷ್ಟ್ರೇ ಕೊಂದಿದ್ದು!”

ಯಂತ್ರ ನಿಂತಿತು. ಮೇಷ್ಟ್ರು ಎದ್ದರು. ಯಂತ್ರದ ಮೇಲಿದ್ದ ಪ್ಯಾಂಟನ್ನು ಎಳೆದುಕೊಂಡು, ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. “ಇನ್ನೊಂದು ಕಾಲು ಬಾಕಿ ಇದೆ ಮೇಷ್ಟ್ರೇ!” ಎಂದು ಅಕ್ಕ ಬಾಗಿಲವರೆಗೆ ಓಡಿದಳು. ಅವರು ತಿರುಗಿ ನೋಡಲಿಲ್ಲ. ಇನ್ನೊಂದು ಕಾಲನ್ನು ಮಾರುಕಟ್ಟೆಯ ಬಳಿಯ ಟೈಲರ್ ಹತ್ತಿರ ಹೊಲಿಸಿಕೊಂಡರಂತೆ. ಔಷಧಿ ಅಂಗಡಿಯವನು ನೋಡಿ ಬಂದು, “ಒಂದು ಕಾಲು ನೀಲಿ ದಾರ, ಒಂದು ಕಾಲು ಕಪ್ಪು ದಾರ ಅಕ್ಕಾ,” ಎಂದು ವರದಿ ಒಪ್ಪಿಸಿದ. ಅಕ್ಕ ನಕ್ಕಳೇನೋ ಹೌದು. ಆದರೆ ಭಾನುವಾರದ ಮೇಜಿಗೆ ಮೇಷ್ಟ್ರು ಬರಲಿಲ್ಲ. ಜಗಳಕ್ಕೆ ಒಂದು ಕಡೆಯೇ ಇಲ್ಲದೆ ಕೂಟ ಸಪ್ಪೆಯಾಯಿತು.

ತಿಂಗಳುಗಳು ಹೋದವು. ಒಂದು ಮಧ್ಯಾಹ್ನ ಮೇಷ್ಟ್ರ ಸೊಸೆ ಅಂಗಡಿಗೆ ಬಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲ.

“ಅಕ್ಕಾ, ನಮ್ಮ ಮಾವನಿಗೆ ಕಣ್ಣಿನ ಆಪರೇಷನ್ ಆಗಿದೆ. ಒಳಗಿನ ಪದರ ಬಿಟ್ಕೊಂಡಿತ್ತಂತೆ, ಸರಿಮಾಡಿದಾರೆ. ಆದ್ರೆ ಕೆಲವು ದಿನ ಮುಖ ಕೆಳಗೆ ಹಾಕ್ಕೊಂಡೇ ಮಲಗಿರ್ಬೇಕಂತೆ. ಓದೋ ಹಾಗಿಲ್ಲ. ಟಿವಿ ನೋಡೋ ಹಾಗಿಲ್ಲ. ನನಗೂ ಅವರ ಮಗನಿಗೂ ಆಫೀಸು. ಒಬ್ಬರೇ ನೆಲ ನೋಡ್ಕೊಂಡು ಬೈತಾ ಇರ್ತಾರೆ. ಯಾರಾದ್ರೂ ಕಾದಂಬರಿ ಓದಿ ಹೇಳಿದ್ರೆ…”

“ನಾನಾ?” ಎಂದಳು ಅಕ್ಕ. “ನನ್ನ ದನಿ ಕೇಳಿದ್ರೆ ಸರಿಮಾಡಿರೋ ಪದರ ಮತ್ತೆ ಬಿಟ್ಕೊಳ್ಳುತ್ತೆ.”

“ಅವರೇ ಹೇಳಿ ಕಳಿಸಿದ್ದು. ಈ ಬೀದೀಲಿ ನೆಟ್ಟಗೆ ಓದೋಕೆ ಬರೋದು ಅವಳಿಗೊಬ್ಬಳಿಗೇ ಅಂದ್ರು. ಬರುವಾಗ ಸೂಜಿ ದಾರ ತರಬೇಕಂತೆ.”

ಮರುದಿನ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಅಕ್ಕ ಹೋದಳು. ಮೇಷ್ಟ್ರು ಮಂಚದ ಮೇಲೆ ಬೋರಲು ಮಲಗಿದ್ದರು. ನಡುವೆ ತೂತಿದ್ದ ದಿಂಬಿನೊಳಗೆ ಮುಖ ಹುದುಗಿತ್ತು. ಕಾಣುತ್ತಿದ್ದುದು ನೆತ್ತಿಯ ಬೋಳು ಮಾತ್ರ. ಅಕ್ಕನಿಗೆ ನಗು ಒತ್ತರಿಸಿ ಬಂತು. ತುಟಿ ಕಚ್ಚಿಕೊಂಡಳು.

“ನಗಬೇಡಿ,” ಎಂದಿತು ದಿಂಬು.

“ಎಲ್ಲಿ ನಕ್ಕೆ?”

“ಉಸಿರು ಕೇಳಿಸ್ತು. ಮೇಜಿನ ಮೇಲೆ ಹೊಸ ಕಾದಂಬರಿ ಇದೆ. ನಾನೂ ತೆಗೆದು ನೋಡಿಲ್ಲ. ಕೊನೇ ಅಧ್ಯಾಯ ಎಲ್ಲಿ ಶುರುವಾಗುತ್ತೆ ನೋಡಿ. ಓದಬಾರ್ದು, ಬರೀ ಎಲ್ಲಿ ಅಂತ ನೋಡಿ. ಅಲ್ಲಿಂದ ಕೊನೇವರೆಗೂ ಹೊಲಿದುಬಿಡಿ.”

“ಪುಸ್ತಕಾನ?”

“ಹೂಂ. ಒಪ್ಪಿಗೆ ಇದ್ರೆ ಕೂತ್ಕೊಳ್ಳಿ, ಇಲ್ದಿದ್ರೆ ಹೋಗಿ.”

ಅಕ್ಕ ಕೂತಳು. ಕಣ್ಣು ಅರ್ಧ ಮುಚ್ಚಿಕೊಂಡು ಕೊನೆಯ ಅಧ್ಯಾಯದ ಹಾಳೆಗಳನ್ನು ಒಟ್ಟು ಹಿಡಿದು, ದಪ್ಪ ಸೂಜಿಯಿಂದ ಅಂಚಿನುದ್ದಕ್ಕೂ ದೂರದೂರ ಕಚ್ಚಾ ಹೊಲಿಗೆ ಹಾಕಿದಳು. ಕೋಟು, ಪರದೆ, ಶಾಲೆಯ ಸಮವಸ್ತ್ರ ಎಷ್ಟೋ ಹೊಲಿದಿದ್ದಳು. ಯಾವುದನ್ನು ಹೊಲಿಯುವಾಗಲೂ ಹೀಗೆ ಕೈ ಬೆವರಿರಲಿಲ್ಲ.

ಕಥೆ ಶುರುವಾಯಿತು. ದೊಡ್ಡ ಬೇಕರಿಯೊಂದರ ಮುದುಕ ಯಜಮಾನ ಬೆಳಗ್ಗೆ ತನ್ನ ಕುರ್ಚಿಯಲ್ಲೇ ಸತ್ತು ಬಿದ್ದಿದ್ದಾನೆ. ಅನುಮಾನ ಯಾರ ಮೇಲೆ? ಆಸ್ತಿಗೆ ಕಾದು ಕೂತ ತಮ್ಮನ ಮಗ. ಕೆಲಸ ಕಳೆದುಕೊಂಡ ಗುಮಾಸ್ತ. ಏನೋ ಮುಚ್ಚಿಡುತ್ತಿರುವ ಡಾಕ್ಟರು. ಅಕ್ಕ ಓದುತ್ತ ಹೋದಂತೆ ಮೇಷ್ಟ್ರು ದಿಂಬಿನೊಳಗಿಂದ ತಡೆದು, “ಆ ಸಾಲು ಮತ್ತೆ ಓದಿ” ಎನ್ನುತ್ತಿದ್ದರು. ಆಮೇಲೆ ನೆಲಕ್ಕೆ ಲೆಕ್ಕ ಬಿಡಿಸಿ ಹೇಳುತ್ತಿದ್ದರು: ಗುಮಾಸ್ತನೇ, ಗುಮಾಸ್ತನಲ್ಲದೆ ಇನ್ಯಾರೂ ಅಲ್ಲ.

ಹೊರಡುವಾಗ ಅವರೇ ಹೇಳಿದರು: “ಪುಸ್ತಕ ನೀವೇ ತಗೊಂಡ್ಹೋಗಿ. ಇಲ್ಲೇ ಇದ್ರೆ ಸೊಸೆ ಕೈಲಿ ದಾರ ಬಿಚ್ಚಿಸಿ ಓದಿಸ್ಕೊಂಡುಬಿಡ್ತೀನಿ. ನನಗೆ ನನ್ನ ಮೇಲೇ ನಂಬಿಕೆ ಇಲ್ಲ.”

ಅಕ್ಕನ ಮೇಲೆ ಇತ್ತೋ? ಅದನ್ನು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

ಆ ವಾರ ಅಕ್ಕನ ಕೆಲಸ ಹದಗೆಟ್ಟಿತು. ಒಬ್ಬರ ಶರ್ಟಿಗೆ ಕಾಲರನ್ನು ತಿರುಗಾಮುರುಗಾ ಇಟ್ಟಳು. ಮನೆಯಲ್ಲಿ ಗಂಡ ಬಸ್ಸಿನ ಡ್ಯೂಟಿ ಮುಗಿಸಿ ಬಂದರೆ ಬೇಳೆಗೆ ಉಪ್ಪಿಲ್ಲ, ಅನ್ನಕ್ಕೆ ಎರಡು ಸಲ ಉಪ್ಪು. “ಏನೇ ಆಗಿದೆ ನಿನಗೆ?” ಎಂದ.

“ಯಾರು ಕೊಂದಿದ್ದು ಅಂತ ಗೊತ್ತಾಗ್ತಿಲ್ಲ ಕಣ್ರೀ!”

ಕಥೆ ಪುಸ್ತಕದ ಗಂಧ ಇಲ್ಲದ ಆ ಮನುಷ್ಯ ಕೈತುತ್ತು ಹಾಗೇ ಹಿಡಿದು ಹೆಂಡತಿಯ ಮುಖ ನೋಡಿದ. “ಪೊಲೀಸರಿಗೆ ಹೇಳಿದಾರಾ?” ಎಂದ ಗಾಬರಿಯಿಂದ.

ಮಾರನೆಯ ದಿನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಪುಸ್ತಕ ಕಣ್ಣೆದುರೇ ಇತ್ತು. ಕತ್ತರಿಯೂ ಇತ್ತು. ಅಕ್ಕ ಕತ್ತರಿಯನ್ನು ಮುಟ್ಟಲಿಲ್ಲ, ಅಷ್ಟು ಮಾನ ಉಳಿಸಿಕೊಂಡಳು. ಆದರೆ ಹೊಲಿಗೆಗಳ ನಡುವೆ ಬೆರಳು ತೂರಿಸಿ, ಹಾಳೆಯನ್ನು ಸ್ವಲ್ಪ ಉಬ್ಬಿಸಿ, ಒಂದೇ ಕಣ್ಣಲ್ಲಿ ಒಳಗೆ ಇಣುಕಿದಳು. ಅರ್ಧ ಸಾಲು ಕಂಡಿತು: ‘ತಮ್ಮನ ಮಗನ ಕೈಗೆ ಬೇ’. ಮುಂದಿನದು ಮಡಿಕೆಯೊಳಗೆ.

ಬೇಡಿ! ತಮ್ಮನ ಮಗನ ಕೈಗೆ ಬೇಡಿ ಬಿತ್ತು! ಅಕ್ಕ ನಿಟ್ಟುಸಿರು ಬಿಟ್ಟು, ಹಾಡು ಗುನುಗುತ್ತ ಗುಂಡಿಯ ಕಾಜ ಹೊಲಿಯತೊಡಗಿದಳು.

ಮಧ್ಯಾಹ್ನ ಓದುವಾಗ ತಮ್ಮನ ಮಗ ಬಾಯಿ ತೆರೆದರೆ ಸಾಕು, ಅಕ್ಕನ ದನಿ ತಾನಾಗಿ ಒರಟಾಗುತ್ತಿತ್ತು. “ಚಹಾ ಬೇಕಾ ದೊಡ್ಡಪ್ಪ?” ಎಂಬ ಮಾತನ್ನೂ ಹಲ್ಲು ಕಡಿದುಕೊಂಡೇ ಓದಿದಳು.

“ಇಣುಕಿದೀರಿ,” ಎಂದಿತು ದಿಂಬು.

“ಯಾರು? ನಾನಾ? ನೋಡಿ, ದಾರ ಒಂದೂ ಕಿತ್ತಿಲ್ಲ!”

“ನಿನ್ನೆವರೆಗೂ ಆ ಹುಡುಗ ಪಾಪದವನ ಹಾಗೆ ಮಾತಾಡ್ತಿದ್ದ. ಇವತ್ತು ರಾಕ್ಷಸನ ಹಾಗೆ ಚಹಾ ಬೇಕಾ ಅಂತಿದಾನೆ.”

ಅಕ್ಕನ ಕಿವಿ ಬಿಸಿಯಾಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು. “ಅರ್ಧ ಸಾಲು ಮೇಷ್ಟ್ರೇ. ಒಂದೇ ಒಂದು ಅರ್ಧ ಸಾಲು. ಈಗ ಏನ್ಮಾಡ್ಲಿ, ಎದ್ದು ಹೋಗ್ಲಾ?”

ಮಂಚ ಅಲುಗಾಡಿತು. ಮೇಷ್ಟ್ರು ಬೋರಲು ಮಲಗಿದ್ದಲ್ಲೇ ನಗುತ್ತಿದ್ದರು. ಸೊಸೆ ಅಂದು ರಜೆಯಲ್ಲಿ ಮನೆಯಲ್ಲಿದ್ದವಳು ಅಡುಗೆಮನೆಯಿಂದ ಓಡಿಬಂದು, “ಮಾವ, ಅಲುಗಾಡಬೇಡಿ, ಡಾಕ್ಟರು ಬೈತಾರೆ!” ಎಂದಳು. ಅವರು ನಗು ನುಂಗಿ, “ನನಗೆ ಮಾತ್ರ ಹೇಳ್ಬೇಡಿ. ಹೇಳದೆ ಇದ್ರೆ ಮಾಫಿ. ಓದಿ,” ಎಂದರು.

ಹೇಳದೆ ಇರುವುದು ಎಷ್ಟು ಕಷ್ಟ ಎಂದು ಅಕ್ಕನಿಗೆ ಆಗ ತಿಳಿಯಿತು. ನಾಲಗೆಯ ತುದಿಯಲ್ಲಿ ಹೆಸರು ಕುಣಿಯುತ್ತಿತ್ತು. ಮೇಷ್ಟ್ರು ಗುಮಾಸ್ತನ ಕಡೆಗೆ ಒಂದೊಂದೇ ಸುಳಿವು ಕೂಡಿಸುತ್ತ ಹೋದಾಗಲೆಲ್ಲ ಕೆನ್ನೆಯ ಒಳಭಾಗ ಕಚ್ಚಿಕೊಂಡಳು. ಆದರೂ ಆ ಮುದಿ ದನಿಯಲ್ಲಿದ್ದ ಹುರುಪನ್ನು ಕೇಳುತ್ತ ಕೇಳುತ್ತ ಅವಳಿಗೆ ಒಂದು ಹೊಳೆಯಿತು. ತೋಟದವನ ಹೆಸರು ಹೇಳಿದ ದಿನ ತಾನು ಕಿತ್ತುಕೊಂಡದ್ದು ಇದನ್ನೇ.

ಕಣ್ಣಿನ ಡಾಕ್ಟರು ಕೂತುಕೊಳ್ಳಲು ಒಪ್ಪಿಗೆ ಕೊಟ್ಟ ದಿನವೇ ಕೊನೆಯ ಅಧ್ಯಾಯ ಬಂತು. ಮೇಷ್ಟ್ರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಬಗ್ಗಿಸಿ ಕುರ್ಚಿಯಲ್ಲಿ ಕೂತಿದ್ದರು. ಔಷಧಿ ಅಂಗಡಿಯವನು ತಾನೂ ಕೇಳಬೇಕೆಂದು ಅಂಗಡಿ ಬಾಗಿಲೆಳೆದು ಬಂದಿದ್ದ. ಅಕ್ಕ ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚಿ, ದಾರ ಎಳೆದು ಹಾಕಿ, ಓದತೊಡಗಿದಳು.

ಕೊಂದವನು ಗುಮಾಸ್ತನಲ್ಲ, ಡಾಕ್ಟರೂ ಅಲ್ಲ. ಕಣ್ಣು ಮಂಜಾದ ಯಜಮಾನನಿಗೆ ದಿನಾ ಬಂದು ಪತ್ರಿಕೆ ಓದಿ ಹೇಳುತ್ತಿದ್ದ ನೆರೆಮನೆಯ ಸಭ್ಯ ಮನುಷ್ಯ! ಹಾಗಾದರೆ ಬೇಡಿ? ಅಕ್ಕ ಅವಸರವಾಗಿ ಹಾಳೆ ಮಗುಚಿದಳು. ಅಲ್ಲಿತ್ತು ಆ ಸಾಲು: ‘ತಮ್ಮನ ಮಗನ ಕೈಗೆ ಬೇಕರಿಯ ಬೀಗದಕೈ ಕೊಟ್ಟರು.’

“ಬೇಕರಿ!” ಎಂದು ಅಕ್ಕ ಕಿರುಚಿದ ರಭಸಕ್ಕೆ ಔಷಧಿ ಅಂಗಡಿಯವನು ಬೆಚ್ಚಿ ಎದ್ದು ನಿಂತ. “ಬೇಡಿ ಅಲ್ಲ ಮೇಷ್ಟ್ರೇ, ಬೇಕರಿ! ಅನ್ಯಾಯವಾಗಿ ಆ ಹುಡುಗನ್ನ ಬೈಕೊಂಡೆನಲ್ಲ!”

“ನನ್ನ ಗುಮಾಸ್ತನೂ ಹೋದ,” ಎಂದರು ಮೇಷ್ಟ್ರು. ಬೇಸರದ ಸುಳಿವೇ ಇರಲಿಲ್ಲ ಆ ದನಿಯಲ್ಲಿ. “ನೋಡಿದ್ರಾ? ಓದಿ ಹೇಳೋಕೆ ಬರೋರ ಮೇಲೆ ಒಂದು ಕಣ್ಣಿಟ್ಟಿರ್ಬೇಕು.”

“ಇಡೋಕೆ ನಿಮ್ಮ ಹತ್ರ ಕಣ್ಣೆಲ್ಲಿತ್ತು?” ಎಂದಳು ಅಕ್ಕ. ಮೂವರೂ ನಕ್ಕ ನಗುವಿಗೆ, ಅಂದೂ ರಜೆ ಹಾಕಿದ್ದ ಸೊಸೆ ಮತ್ತೆ ಒಳಗಿನಿಂದ ಗದರಿದಳು.

ಅಷ್ಟಾದ ಮೇಲೆ ಅಕ್ಕ ಪೂರ್ತಿ ಬದಲಾದಳೆಂದರೆ ಸುಳ್ಳಾದೀತು. ಪ್ರೇಮದ ಕಾದಂಬರಿಗೆ ಈಗಲೂ ಕೊನೆಯ ಪುಟವೇ ಮೊದಲು. “ಅದು ಮನಸ್ಸಿನ ವಿಷಯ, ಅಲ್ಲಿ ಅಪಾಯಕ್ಕೆ ಕೈ ಹಾಕಬಾರ್ದು,” ಎನ್ನುತ್ತಾಳೆ. ಪತ್ತೇದಾರಿ ಮಾತ್ರ ಮೊದಲಿನಿಂದ ಕೊನೆಗೆ. ಕೊನೆಯ ಅಧ್ಯಾಯ ತಲುಪಿದ ದಿನ ಅಂಗಡಿ ಬಾಗಿಲಲ್ಲಿ ‘ಮುಚ್ಚಿದೆ’ ಎಂಬ ಫಲಕ ತೂಗುತ್ತಿರುತ್ತದೆ, ಒಳಗೆ ಆಕೆ ಯಂತ್ರದ ಹಿಂದೆ ಕೂತು ಓದುತ್ತಿರುತ್ತಾಳೆ. ಬೀದಿಗೆಲ್ಲ ಅದು ಗೊತ್ತು, ಯಾರೂ ಬಾಗಿಲು ಬಡಿಯುವುದಿಲ್ಲ.

ಮೇಷ್ಟ್ರ ದೃಷ್ಟಿ ಮುಕ್ಕಾಲು ಪಾಲು ಮರಳಿ ಬಂತು, ಸಣ್ಣ ಅಕ್ಷರಕ್ಕೆ ಮಾತ್ರ ತಡಕಾಡುತ್ತಾರೆ. ಆದ್ದರಿಂದ ಭಾನುವಾರದ ಮೇಜಿನಲ್ಲಿ ಈಗ ಎಲ್ಲರೂ ಒಂದೇ ಪುಸ್ತಕವನ್ನು ಸರದಿಯಂತೆ ಗಟ್ಟಿಯಾಗಿ ಓದುತ್ತಾರೆ. ಸೊಸೆಯೂ ಬಂದು ಸೇರಿದ್ದಾಳೆ. ಮೊನ್ನೆ ಔಷಧಿ ಅಂಗಡಿಯವನ ಸರದಿ. ಬಾಗಿಲು, ಕಿಟಕಿ ಎರಡೂ ಅಗಲವಾಗಿ ತೆರೆಸಿ, ಬಿಸಿಲು ಬೀಳುವ ಜಾಗಕ್ಕೆ ಸ್ಟೂಲು ಎಳೆದುಕೊಂಡು, ದೆವ್ವದ ಕಾದಂಬರಿಯ ಮೊದಲ ಪುಟ ತೆರೆದು ಕೂತ.

“ಒಂದೇ ಮಾತು,” ಎಂದ ಗಂಟಲು ಸರಿಮಾಡಿಕೊಂಡು. “ನಾನು ಓದುವಾಗ ಯಾರೂ ನನ್ನ ಬೆನ್ನ ಹಿಂದೆ ಕೂರಬೇಡಿ.”

ಅಕ್ಕ ಎದ್ದು ತನ್ನ ಸ್ಟೂಲನ್ನು ಅವನ ಎದುರಿಗೆ ತಂದುಹಾಕಿಕೊಂಡಳು. “ಶುರುಮಾಡಪ್ಪ,” ಎಂದಳು.