ಒತ್ತೆಯಿಟ್ಟ ಬೈಕ್ ಕೀಲಿ

ಚಂಡಮಾರುತದ ಮುನ್ಸೂಚನೆ ಬಂದ ದಿನ, ಅಂಕೋಲೆಯ ಕಡಲಂಚಿನ ಮನೆಗಳವರನ್ನು ಶಾಲೆಗೆ ಕರೆದೊಯ್ಯಲು ಸ್ವಯಂಸೇವಕನಾಗಿ ಹೋಗಿದ್ದೆ. ಎಲ್ಲರೂ ಹೊರಟರು. ಮೀನು ಮಾರುವ ನಾಗಮ್ಮಜ್ಜಿ ಮಾತ್ರ ಹೊಸ್ತಿಲು ಬಿಟ್ಟು ಏಳಲಿಲ್ಲ.

“ತಮಾ, ನಿನ್ನ ಕಳಿಸಿದವ್ರು ಯಾರು? ಈ ಜಾಗದ ಮೇಲೆ ಯಾರ ಕಣ್ಣು ಬಿದ್ದದೆ?”

“ಯಾರದ್ದೂ ಇಲ್ಲ ಅಜ್ಜಿ, ದೊಡ್ಡ ಗಾಳಿ ಬರ್ತದೆ.”

“ಕಾರವಾರದಲ್ಲಿ ನನ್ನ ತವರಿನವ್ರಿಗೂ ಹೀಗೇ ನಯವಾಗಿ ಹೇಳಿ ಎಬ್ಬಿಸಿದ್ರು. ತಿರುಗಿ ಹೋಗಿ ನೋಡಿದ್ರೆ ಬೇಲಿ ಹಾಕಿತ್ತು.”

ಕಡಲು ಆಗಲೇ ದಡದ ದೋಣಿಗಳ ತನಕ ಏರಿತ್ತು. ಅಜ್ಜಿ ನನ್ನ ಬೈಕನ್ನೊಮ್ಮೆ ನೋಡಿ ಕೈ ಚಾಚಿದಳು.

“ಹಾಗಾದ್ರೆ ಅದರ ಕೀಲಿ ಕೊಡು. ಮನೆ ವಾಪಸ್ ಸಿಕ್ಕಮೇಲೆ ಕೊಡ್ತೆ.”

ಬೇರೆ ದಾರಿಯಿರಲಿಲ್ಲ, ಕೊಟ್ಟೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಅವಳು ಎದ್ದದ್ದು.

ಮರುದಿನ ಇಬ್ಬರೂ ಹೋಗಿ ನೋಡಿದೆವು. ಅಡುಗೆಮನೆಯ ಗೋಡೆ ಕುಸಿದು, ಅವಳು ದಿನಾ ಮಲಗುವ ಜಾಗದ ಮೇಲೇ ಬಿದ್ದಿತ್ತು. ಅಜ್ಜಿ ಅದರತ್ತ ಹೆಚ್ಚು ಹೊತ್ತು ನೋಡಲಿಲ್ಲ. ಬೇಲಿ ಎಲ್ಲೂ ಇಲ್ಲವೆಂದು ಅಂಗಳ ಸುತ್ತಿ ಖಾತ್ರಿ ಮಾಡಿಕೊಂಡು, ಗಂಟು ಬಿಚ್ಚಿದಳು.

“ಈ ಸಲ ನೀ ಹೇಳಿದ್ದು ಖರೆ,” ಎಂದಳು. “ಮುಂದಿನ ಸಲ ಬರುವಾಗ ನಿನ್ನ ಮನೆ ಕೀಲಿ ತಾ.”