ಗಾಜಿನಕ್ಕನ ಬಿಸ್ಕತ್ ಡಬ್ಬಿ

ನಾನು ಮುಂಗೋಪಿ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು.

ನಮ್ಮದು ಜೀವಾಣು ಗೊಬ್ಬರ ತಯಾರಿಸುವ ಸಣ್ಣ ಘಟಕ. ಎರಡು ಕೋಣೆ, ಉದ್ದನೆಯ ಮೇಜು, ಮೂಲೆಯಲ್ಲಿ ಹಬೆಯ ಪಾತ್ರೆ, ಹಿಂದೆ ತೊಳೆಯುವ ಜಾಗ. ಆ ಜಾಗದ ಒಡತಿ ಗಾಜಿನಕ್ಕ. ಹತ್ತೊಂಬತ್ತು ವರ್ಷ ಗಾಜಿನ ತಟ್ಟೆ, ನಳಿಕೆ ತೊಳೆದು ತೊಳೆದು ಆ ಹೆಸರೇ ನಿಂತುಬಿಟ್ಟಿತ್ತು. ಗಂಡ ದರ್ಜಿ. ಮನೆಯಲ್ಲಿ ಮಾತ್ರ ಎಲ್ಲವೂ ಸ್ಟೀಲ್ ಲೋಟ. "ದಿನವಿಡೀ ಗಾಜಿಗೆ ಹೆದರಿ ಹೆದರಿ ಸಾಕಾಗಿದೆ, ಮನೇಲಾದ್ರೂ ಧೈರ್ಯವಾಗಿ ನೀರು ಕುಡೀತೀನಿ," ಎನ್ನುತ್ತಿದ್ದರು.

ಮಣ್ಣಿನಲ್ಲಿ ರಂಜಕ ಬೇಕಾದಷ್ಟಿದ್ದರೂ ಸುಣ್ಣದ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಬೇರಿಗೆ ದಕ್ಕುವುದಿಲ್ಲ. ಕೆಲವು ಜೀವಾಣುಗಳು ಹುಳಿರಸ ಸೂಸಿ ಅದನ್ನು ಕರಗಿಸುತ್ತವೆ. ಅವನ್ನು ಬೆಳೆಸಿ, ಪೊಟ್ಟಣ ಕಟ್ಟಿ ರೈತರಿಗೆ ಕೊಡುವುದು ನಮ್ಮ ಕೆಲಸ. ಅವರು ಬೀಜಕ್ಕೆ ಹಚ್ಚಿ ಬಿತ್ತುತ್ತಾರೆ. ಪರೀಕ್ಷೆ ಸುಲಭ: ರಂಜಕವಿರುವ ಕಲ್ಲಿನ ಪುಡಿ ಬೆರೆಸಿದ, ಹಾಲಿನಂತೆ ಬೆಳ್ಳಗಿರುವ ತಟ್ಟೆಯಲ್ಲಿ ಜೀವಾಣು ಚುಕ್ಕಿಯಾಗಿ ಬೆಳೆಯುತ್ತದೆ. ಕಲ್ಲು ಕರಗಿದರೆ ಅದರ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಉಂಗುರವಿಲ್ಲದಿದ್ದರೆ ಪೊಟ್ಟಣ ದಂಡ.

ಹಿಂದಿನ ವರ್ಷ ನಳಿಕೆ ಸಾಲದೆ ಬಂದಾಗ ಕಪಾಟಿನ ಮೇಲೆ ಹನ್ನೆರಡು ಕಂಡವು. ನಿವೃತ್ತರಾದ ಮುಖ್ಯಸ್ಥರ ಕಾಲದವು. ಒಳಗೆ ಒಣಮಣ್ಣು, ಬಾಯಿಗೆ ಮೇಣ.

"ಮಣ್ಣು ಚೆಲ್ಲಿ ತೊಳೆದಿಡಿ ಅಕ್ಕ."

"ದೊಡ್ಡ ಸಾರ್ ಇವನ್ನ ಮುಟ್ಟಬೇಡ ಅಂದಿದ್ರು…"

"ದೊಡ್ಡ ಸಾರ್ ಮನೆಗೆ ಹೋಗಿ ಆಯ್ತು. ಈಗ ನಾನು ಹೇಳ್ತಿದೀನಿ."

ಮರುದಿನ ಅಕ್ಕ ತಲೆ ತಗ್ಗಿಸಿ ಬಂದು, ಹನ್ನೆರಡೂ ಕೈಜಾರಿ ಒಡೆದುಹೋದವು ಎಂದರು. ಅಷ್ಟು ವರ್ಷದಲ್ಲಿ ಒಂದು ತಟ್ಟೆಗೂ ಬಿರುಕು ಬಿಡಿಸದವರು! ನನಗೆ ಅನುಮಾನವಾದರೂ ಬರಬೇಕಿತ್ತಲ್ಲ? ಬಂದದ್ದು ಕೋಪ. 'ಹನ್ನೆರಡು ನಳಿಕೆ ಒಡೆದ ಅಜಾಗರೂಕತೆ' ಎಂದು ಮೆಮೋ ಬರೆದು ಎಲ್ಲರ ಎದುರು ಸಹಿ ಹಾಕಿಸಿದೆ. ಅಕ್ಕ ಎರಡು ಸಲ ಓದಿ, ಸಹಿ ಮಾಡಿ, ತೊಳೆಯಲು ಹೋದರು.

ಬಳಸಿದ ತಟ್ಟೆಗಳನ್ನು ಹಬೆಗೆ ಹಾಕುವ ಮೊದಲು ಕಿಟಕಿಗೆ ಹಿಡಿದು ನೋಡುವುದು ಅಕ್ಕನ ಚಾಳಿ. ಈ ವರ್ಷ ಒಂದು ದಿನ ಮೆಲ್ಲಗೆ ಅಂದರು: "ಸಾರ್, ಉಂಗುರ ಸಣ್ಣದಾಗ್ತಾ ಬಂದಿದೆ."

"ನಿಮ್ಮ ಕೆಲಸ ನೋಡ್ಕೊಳ್ಳಿ. ಚುಕ್ಕಿ ಎಷ್ಟು ದಪ್ಪ ಬಂದಿದೆ ನೋಡಿದ್ರಾ?"

"ದಪ್ಪ ಏನೋ ಆಗಿವೆ ಸಾರ್. ಕೂತು ತಿಂದ್ರೆ ಯಾರಾದ್ರೂ ದಪ್ಪ ಆಗ್ತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನಿಜವಿದ್ದದ್ದು ಅದರಲ್ಲೇ, ನನಗೆ ಹೊಳೆದದ್ದು ಮಾತ್ರ ಆಮೇಲೆ. ಬೇಗ ಬೆಳೆಯಲಿ ಎಂದು ನಾನು ಎರಡು ವರ್ಷದಿಂದ ಜೀವಾಣುಗಳಿಗೆ ಕರಗಿದ ರಂಜಕವನ್ನೇ ಉಣಿಸಿದ್ದೆ. ಹೊಸ ನಳಿಕೆಗೆ ದಾಟಿಸುವಾಗಲೆಲ್ಲ ದಪ್ಪ ಚುಕ್ಕಿಯನ್ನೇ ಆರಿಸಿದ್ದೆ. ಕಲ್ಲು ಕರಗಿಸುವ ದರ್ದು ಅವಕ್ಕೆಲ್ಲಿತ್ತು?

ಬಿತ್ತನೆಗೆ ಮೂರು ವಾರವಿದ್ದಾಗ ತಟ್ಟೆಯಲ್ಲಿ ಉಂಗುರವೇ ಇಲ್ಲ. ಮತ್ತೊಂದು ತಟ್ಟೆ, ಮತ್ತೊಂದು. ಊಹೂಂ! ನಾನೂರು ರೈತರು ನಮ್ಮ ಪೊಟ್ಟಣ ನಂಬಿ ಚೀಲದ ರಾಸಾಯನಿಕ ಗೊಬ್ಬರವನ್ನು ಅರ್ಧ ಮಾಡಿದ್ದರು. ಮೂಲ ತಳಿ ಬೇರೆಲ್ಲೂ ಇರಲಿಲ್ಲ.

ಹಳೆಯ ಕಡತ ತಿರುವಿದಾಗ ದೊಡ್ಡ ಸಾರ್ ಬರೆದಿಟ್ಟದ್ದು ಸಿಕ್ಕಿತು: ಮೂಲ ತಳಿ, ಒಣಮಣ್ಣಿನಲ್ಲಿ, ಹನ್ನೆರಡು ನಳಿಕೆ.

ತೊಳೆಯುವ ಜಾಗಕ್ಕೆ ಹೋಗಿ ಸ್ಟೂಲಿನ ಮೇಲೆ ಕುಸಿದೆ. "ಮುಗೀತು ಅಕ್ಕ. ಆ ಮಣ್ಣಿನ ನಳಿಕೆಗಳು ಒಡೀದೆ ಇದ್ದಿದ್ರೆ…"

ಅಕ್ಕ ಕೈ ಒರೆಸಿಕೊಂಡರು. ಸೋಪಿನ ಚೀಲದ ಹಿಂದಿನಿಂದ ಒಂದು ಬಿಸ್ಕತ್ ಡಬ್ಬಿ ಎಳೆದರು. ಒಳಗೆ, ದರ್ಜಿಯ ತುಂಡುಬಟ್ಟೆಗಳಲ್ಲಿ ಒಂದೊಂದಾಗಿ ಸುತ್ತಿದ ನಳಿಕೆಗಳು. ಮೇಣ ಹಾಗೇ ಇತ್ತು.

"ನಿಮ್ಮ ಹತ್ರ ವಾದ ಮಾಡೋಕೆ ನನಗೆ ಬರಲ್ಲ ಸಾರ್. 'ಇವು ಸತ್ತಿಲ್ಲ ಕಣಮ್ಮ, ಮಲಗಿವೆ' ಅಂದಿದ್ರು ದೊಡ್ಡ ಸಾರ್. ಚೆಲ್ಲೋಕೆ ಮನಸ್ಸು ಬರಲಿಲ್ಲ. ಒಡೀತು ಅಂದ್ರೆ ಬೈದು ಸುಮ್ಮನಾಗ್ತೀರಿ ಅಂದ್ಕೊಂಡೆ. ಮೆಮೋ ಕೊಡ್ತೀರಿ ಅಂತ ಗೊತ್ತಿರಲಿಲ್ಲ."

ಒಂದು ನಳಿಕೆಯ ಮಣ್ಣನ್ನು ಅವತ್ತೇ ತಟ್ಟೆಗೆ ಹಾಕಿದೆ. ಐದನೆಯ ದಿನ ಬೆಳಿಗ್ಗೆ ತಟ್ಟೆಯನ್ನು ಮೊದಲು ಅಕ್ಕನ ಕೈಗೇ ಕೊಟ್ಟೆ. ಅವರು ಕಿಟಕಿಗೆ ಹಿಡಿದರು. ಚುಕ್ಕಿಗಳು ಸಾಸಿವೆಗಿಂತ ಸಣ್ಣವು, ಸುತ್ತ ಬಳೆಯಷ್ಟು ಸ್ಪಷ್ಟವಾದ ಉಂಗುರ.

"ಬಡಕಲು," ಎಂದು ನಕ್ಕರು, "ಆದ್ರೆ ದುಡಿಯೋವು."

ಬಿತ್ತನೆಗೆ ಎರಡು ದಿನ ಮೊದಲು ಪೊಟ್ಟಣಗಳು ಹೊರಟವು. ಲಾರಿ ತಿರುವು ದಾಟಿದ ಮೇಲೆ ನಾನು ಆ ಮೆಮೋ ತೆಗೆದುಕೊಂಡು ಬಂದು, ಎಲ್ಲರನ್ನೂ ಕರೆದು, ಹರಿಯಲು ಹೋದೆ.

"ಅಯ್ಯೋ, ಬೇಡ ಸಾರ್!" ಅಕ್ಕ ಕೈ ಹಿಡಿದುಬಿಟ್ಟರು. "ಪೂರ್ತಿ ಸುಳ್ಳಲ್ಲ ಅದು. ಡಬ್ಬೀಲಿ ಹನ್ನೊಂದೇ ಇದ್ವು. ಬಚ್ಚಿಡೋ ಗಾಬರೀಲಿ ಒಂದನ್ನ ನಿಜವಾಗ್ಲೂ ಒಡೆದೆ."

ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರು. ನಾನೂರು ಹೊಲ ಉಳಿಸಿದ ಹೆಂಗಸಿಗೆ ಒಂದು ನಳಿಕೆಯ ದುಃಖ! ನಾನು ಪೆನ್ನು ತೆಗೆದು 'ಹನ್ನೆರಡು' ಹೊಡೆದುಹಾಕಿ 'ಒಂದು' ಎಂದು ಬರೆದೆ. ಅಜಾಗರೂಕತೆ ಎಂಬಲ್ಲಿ ಅವರ ಹೆಸರು ಹೊಡೆದು ನನ್ನ ಹೆಸರು ಬರೆದೆ. ಕೆಳಗೆ, ಎಲ್ಲರ ಎದುರು, ಸಹಿ ಹಾಕಿದೆ.